ಕೋಟು ಕೊಡದೆ ಒಳಗೆ ಹೋದವಳು

ಲಿಯೊನಾರ್ಡೊ ಬರೆದ ಚಿತ್ರದ ಆ ಹೆಂಗಸಿನ ಮೇಲೆ ಕ್ರಾಕೋವ್ ನಗರದಲ್ಲಿ ಇಪ್ಪತ್ತಮೂರು ವರ್ಷ ಎಡೆಬಿಡದೆ ಹಗೆ ಸಾಧಿಸಿದ ಜೀವ ಒಂದೇ. ಅದರ ಹೆಸರು ಗೆನೊವೇಫಾ ಮಜ್ಗಾಯ್. ಹಗೆ ಸಾಧಿಸಲು ಚಿತ್ರವನ್ನು ಒಮ್ಮೆಯಾದರೂ ನೋಡಿರಬೇಕು ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಆಕೆ ನೋಡಿರಲೂ ಇಲ್ಲ. ಚಿತ್ರ ಇದ್ದದ್ದು ಮ್ಯೂಸಿಯಮ್ಮಿನ ಮೇಲಂತಸ್ತಿನಲ್ಲಿ. ಗೆನೊವೇಫಾ ಇದ್ದದ್ದು ಕೆಳಗೆ, ಬಾಗಿಲ ಪಕ್ಕದಲ್ಲಿ ಬಂದವರ ಕೋಟು ಇಟ್ಟುಕೊಳ್ಳುವ ಕಟ್ಟೆಯ ಹಿಂದೆ. ನಡುವೆ ಮೂವತ್ತೊಂದು ಮೆಟ್ಟಿಲು. ಕಮ್ಯೂನಿಸ್ಟರ ಕಾಲದಲ್ಲಿ ಕೆಲಸಕ್ಕೆ ಸೇರಿದವಳು ಅವರು ಹೋದ ಮೇಲೂ ಆ ಮೆಟ್ಟಿಲು ತುಳಿಯಲಿಲ್ಲ. ಸರ್ಕಾರ ಬದಲಾದರೂ ಬದಲಾಗದ ನೀತಿ ಊರಿನಲ್ಲಿ ಅದೊಂದೇ ಇತ್ತು.

ಹೆಸರಿಗೆ ಕಟ್ಟೆ, ನಿಜದಲ್ಲಿ ಕೋಟೆ. ನಾನೂರು ಕೊಕ್ಕೆ, ನಾನೂರು ಹಿತ್ತಾಳೆ ಬಿಲ್ಲೆ, ಒಂದು ಬಿಸಿನೀರಿನ ಕೆಟಲು, ಅದರ ಪಕ್ಕದಲ್ಲಿ ಸಹಾಯಕಿ ಹಾಲ್ಷ್ಕಾ. ಕೋಟು ಕಳಚಿ ಒಪ್ಪಿಸದೆ, ಬೂಟಿನ ಮೇಲೆ ದಪ್ಪ ಉಣ್ಣೆಯ ಚಪ್ಪಲಿ ಏರಿಸಿಕೊಳ್ಳದೆ, ಮಂತ್ರಿಯಾಗಲಿ ಬಿಷಪ್ಪನಾಗಲಿ ಮೇಲೆ ಹೋಗುವಂತಿರಲಿಲ್ಲ. ಒಪ್ಪಿಸುವುದಕ್ಕೂ ಒಂದು ಕ್ರಮವಿತ್ತು. ಗೆನೊವೇಫಾ ಮೊದಲು ಕೋಟಿನ ಕತ್ತಿನ ಒಳಗೆ ಬೆರಳು ಹಾಕಿ, ತೂಗುಹಾಕಲೆಂದು ಹೊಲಿದ ಕುಣಿಕೆ ಹುಡುಕುವಳು. ಕುಣಿಕೆ ಇದ್ದರೆ ಕೋಟು ಕೊಕ್ಕೆಗೆ, ಬಿಲ್ಲೆ ಮಾಲೀಕನಿಗೆ. ಇಲ್ಲದಿದ್ದರೆ ಕೋಟು ಕಟ್ಟೆಯ ಮೇಲೇ ಉಳಿಯುವುದು, ಮಾಲೀಕನೂ ಅಲ್ಲೇ ಉಳಿದು ಉಪದೇಶ ಕೇಳುವನು. ಇಷ್ಟು ದುಬಾರಿ ಬಟ್ಟೆ ಹಾಕ್ತೀರಿ, ಮನೆಯಲ್ಲಿ ಒಂದು ಸೂಜಿ ಇಲ್ಲವೇ ಎಂಬಲ್ಲಿಂದ ಶುರುವಾಗಿ ಅದು ಅವನನ್ನು ತಾಯಿ ಬೆಳೆಸಿದ ರೀತಿಯವರೆಗೆ ಹೋಗುತ್ತಿತ್ತು. ಒಬ್ಬ ನ್ಯಾಯಾಧೀಶ ಕಣ್ಣಲ್ಲಿ ನೀರು ತುಂಬಿಕೊಂಡು ಹೊರಟು, ಮರುವಾರ ಮೂರು ಕುಣಿಕೆ ಹೊಲಿಸಿಕೊಂಡು ಬಂದಿದ್ದ.

ಈ ಕಟ್ಟುನಿಟ್ಟು ಪಿತ್ರಾರ್ಜಿತ. ನೋವಿ ತಾರ್ಗ್ ಊರಿನಲ್ಲಿ ಆಕೆಯ ಅಪ್ಪ ವಾಲೆಂತಿ ಕುರಿತುಪ್ಪಳದ ಕೋಟು ಹೊಲಿಯುವವನು. ಅಂಗಡಿಯಲ್ಲಿ ಕೊನೆಯ ಹೊಲಿಗೆ ಯಾವಾಗಲೂ ಕುಣಿಕೆಯದು. ಅದನ್ನು ಅವನು ಯಾರ ಕೈಗೂ ಕೊಡುತ್ತಿರಲಿಲ್ಲ. ಹತ್ತು ವರ್ಷಕ್ಕೇ ಮಗಳು ಕಣ್ಣು ಮುಚ್ಚಿ, ಬೆರಳು ಆಡಿಸಿ, ಇದು ಕುರಿಮರಿ, ಇದು ನರಿ, ಇದು ನರಿ ಎಂದು ಮಾರಿದ ನಾಯಿ ಎಂದು ಹೇಳುತ್ತಿದ್ದಳು. ಹತ್ತೊಂಬತ್ತಕ್ಕೆ ಕ್ರಾಕೋವ್‌ಗೆ ಬಂದಳು. ಟ್ರಾಮು ಓಡಿಸುವ ಜೆನೋನ್ ಎಂಬವನನ್ನು ಮದುವೆಯಾದಳು. ಆತ ಬಾಯಿ ತೆರೆಯುವುದು ನಿಲ್ದಾಣದ ಹೆಸರು ಹೇಳಲು ಮಾತ್ರ ಎಂಬ ಕಾರಣಕ್ಕೆ ಸಂಸಾರ ಸುಖವಾಗಿಯೇ ಇತ್ತು. ಜೆನೋನ್ ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ನಿವೃತ್ತಿಗೆ ಇನ್ನೆರಡು ಚಳಿಗಾಲ ಬಾಕಿ.

ಮೇಲಿನವಳ ಮೇಲೆ ಹಗೆ ಏಕೆ ಎಂದು ಹಾಲ್ಷ್ಕಾ ಒಮ್ಮೆ ಕೇಳಿ ಪಶ್ಚಾತ್ತಾಪಪಟ್ಟಿದ್ದಳು. ಉತ್ತರ ಎರಡು ಕೆಟಲು ನೀರು ಕುದಿಯುವವರೆಗೆ ನಡೆಯಿತು. ತಾನು ದಿನಕ್ಕೆ ಐನೂರು ಜನರ ಮುಖವನ್ನು ಎದುರೆದುರು ನೋಡುವವಳು, ಅವರ ಬೆವರು ಗೊತ್ತು, ಜೇಬಿನಲ್ಲಿ ಉಳಿದ ಬ್ರೆಡ್ಡಿನ ಚೂರು ಗೊತ್ತು, ಹೊಸ ಚಳಿಗಾಲಕ್ಕೆ ಹಳೆಯ ಅಸ್ತರು ತಿರುವಿ ಹಾಕಿಸಿದ್ದೂ ಗೊತ್ತು. ಅವರಲ್ಲಿ ಒಬ್ಬರಿಗೂ ಮೂರು ನಿಮಿಷದ ಮೇಲೆ ತನ್ನ ಮುಖ ನೆನಪಿರುವುದಿಲ್ಲ. ಆ ಮಹಾರಾಯ್ತಿ, ಇಲ್ಲಿ ಮಾರುವ ಚಿತ್ರದ ಅಂಚೆ ಕಾರ್ಡಿನಲ್ಲೇ ಕಾಣುತ್ತದಲ್ಲ, ಬಂದವರನ್ನು ಕಣ್ಣೆತ್ತಿ ನೋಡುವ ಸೌಜನ್ಯವೂ ಇಲ್ಲದೆ ಅತ್ತ ತಿರುಗಿಕೊಂಡು ಕೂತಿದ್ದಾಳೆ. ಅವಳನ್ನು ನೋಡಲು ಜಪಾನಿನಿಂದ ಬರುತ್ತಾರೆ. ನೋಡಿದ ಮೇಲೆ ಇಳಿಯುವಾಗ ಅವರ ಗತಿ ನೋಡಬೇಕು. ವೂಚ್ ನಗರದ ದಂತವೈದ್ಯನೊಬ್ಬ ಕೋಟು ಮರೆತು ಹಿಮದಲ್ಲಿ ರೈಲು ನಿಲ್ದಾಣದವರೆಗೆ ನಡೆದುಹೋದ. ಮದುವೆಯಾಗಿ ನಾಲ್ಕು ದಿನವಾದ ಗಂಡನೊಬ್ಬ ಯಾರದೋ ಹೆಂಡತಿಗೆ ಕೋಟು ತೊಡಿಸಿ ತೋಳು ಹಿಡಿದು ಹೊರಟೇಬಿಟ್ಟಿದ್ದ. ಇದಕ್ಕೆಲ್ಲ ಮೇಲಿನವಳೇ ಹೊಣೆ, ಬೈಗುಳ ಕೇಳುವವಳು ಕೆಳಗಿನವಳು. ಹಗೆಗೆ ಇಷ್ಟು ಸಾಲದೇ?

ಈ ಹಗೆ ಹೀಗೇ ಶಾಂತವಾಗಿ, ಯಾರಿಗೂ ತೊಂದರೆಯಿಲ್ಲದೆ, ಪಿಂಚಣಿಯವರೆಗೂ ಸಾಗುತ್ತಿತ್ತು. ನಡುವೆ ಬಂದವನು ಲುದೋಮಿರ್ ಫೊಂಫಾರಾ.

ಫೊಂಫಾರಾ ಪರವಾನಗಿ ಪಡೆದ ಮಾರ್ಗದರ್ಶಿ. ಅರವತ್ತರ ಹರೆಯ, ಬೆಳ್ಳಿ ಮೀಸೆ, ಕತ್ತಿಗೆ ಚುಕ್ಕೆ ಚುಕ್ಕೆಯ ರೇಷ್ಮೆ ಬಟ್ಟೆ; ಹದಿನೈದನೆಯ ಶತಮಾನದ ಮಿಲಾನಿನಲ್ಲಿ ತಾನೇ ಖುದ್ದಾಗಿ ಊಟಕ್ಕೆ ಕೂತಿದ್ದೆ ಎಂಬಂಥ ಮಾತು. ಇಪ್ಪತ್ತು ವರ್ಷದಿಂದ ದಿನವೂ ಹನ್ನೊಂದಕ್ಕೆ ಒಂದು ಗುಂಪು ತರುತ್ತಿದ್ದ. ಐದು ವರ್ಷದ ಹಿಂದೆ ಯಾವುದೋ ಅಶುಭ ಗಳಿಗೆಯಲ್ಲಿ ಅವನು ಕಟ್ಟೆಗೆ ಒರಗಿ, ಚಿತ್ರದವಳ ತೋಳಿನಲ್ಲಿರುವ ಬಿಳಿ ಪ್ರಾಣಿ ಗ್ರೊನೊಸ್ತಾಯ್, ರಾಜರ ನಿಲುವಂಗಿಗೆ ತನ್ನ ತುಪ್ಪಳದ ಅಂಚು ಕೊಡುವ ಕುಲೀನ ಪ್ರಾಣಿ, ಕೊಳೆ ಮುಟ್ಟಿದರೆ ಪ್ರಾಣ ಬಿಡುವಂಥದ್ದು ಎಂದು ಯಾರಿಗೋ ಕೊರೆಯುತ್ತಿದ್ದ. ಗೆನೊವೇಫಾ ಅಂಚೆ ಕಾರ್ಡನ್ನು ಒಮ್ಮೆ ನೋಡಿ, ತುಪ್ಪಳದವನ ಮಗಳಾದ್ದರಿಂದ ಬಾಯಿ ತಡೆಯದೆ, ಗ್ರೊನೊಸ್ತಾಯ್ ಅಂಗೈಯಲ್ಲಿ ಹಿಡಿಸುತ್ತದೆ, ಇಷ್ಟು ದಪ್ಪಗಿರುವುದು ಫ್ರೆತ್ಕಾ, ಮುಂಗುಸಿಯಂಥದ್ದು, ಮೊಲದ ಬಿಲಕ್ಕೆ ನುಗ್ಗಿಸಲು ನಮ್ಮ ಕಡೆ ಸಾಕುತ್ತಾರೆ, ಎರಡು ಹೆಜ್ಜೆ ದೂರದಿಂದಲೇ ನಾರುತ್ತದೆ ಎಂದುಬಿಟ್ಟಳು.

ಆಡಿದ್ದು ಒಂದು ಮಾತು. ಮರುದಿನದಿಂದ ಆಕೆ ಪ್ರವಾಸದ ಭಾಗವಾದಳು. ಗುಂಪು ಕೋಟು ಕಳಚುತ್ತಿರುವಾಗ ಫೊಂಫಾರಾ ಕೈ ಚಾಚಿ ಶುರು ಮಾಡುವನು: "ಮಹನೀಯರೇ, ಮಹಿಳೆಯರೇ, ಈ ಮ್ಯೂಸಿಯಮ್ಮಲ್ಲಿ ಎರಡು ಅಪರೂಪದ ಹೆಂಗಸರಿದ್ದಾರೆ. ಒಬ್ಬರು ಮೇಲೆ. ಇನ್ನೊಬ್ಬರು ಇಲ್ಲೇ ನಿಮ್ಮ ಎದುರು. ಇವರು ಶ್ರೀಮತಿ ಗೆನೊವೇಫಾ, ನಮ್ಮ ಪಾನಿ ಗೆನ್ಯಾ. ಇಪ್ಪತ್ತು ವರ್ಷದಿಂದ ಮೂವತ್ತೊಂದು ಮೆಟ್ಟಿಲು ಕೆಳಗೆ ಕೂತಿದ್ದಾರೆ, ಒಂದ್ಸಲಾನೂ ಹತ್ತಿ ನೋಡಿಲ್ಲ. ಆದ್ರೂ ಲಿಯೊನಾರ್ಡೊಗೆ ಪ್ರಾಣಿ ಬರೆಯೋಕೆ ಬರ್ತಿರಲಿಲ್ಲ ಅಂತ ಇವರಿಗೆ ಗೊತ್ತು." ಗುಂಪು ನಗುವುದು. ಕೆಲವರು ಫೋಟೊ ತೆಗೆಯುವರು. ಐದು ವರ್ಷದಲ್ಲಿ ಆ ಭಾಷಣ ಬೆಳೆದು ಕೊಬ್ಬಿ, ಗೆನೊವೇಫಾ ಹಳ್ಳಿಯಲ್ಲಿ ಫ್ರೆತ್ಕಾಗಳ ಜೊತೆ ಮಲಗುತ್ತಿದ್ದಳು ಎಂಬಲ್ಲಿಗೆ ಬಂದು ನಿಂತಿತ್ತು.

ನಗು ಮ್ಯೂಸಿಯಮ್ಮಿನ ಗೋಡೆಯೊಳಗೆ ಇದ್ದಿದ್ದರೆ ಆಕೆ ಹೇಗೋ ನುಂಗಿಕೊಳ್ಳುತ್ತಿದ್ದಳು. ಆದರೆ ಆ ಜನವರಿಯಲ್ಲಿ ಒಂದು ಭಾನುವಾರ ಚರ್ಚಿನ ಹೊರಗೆ, ಆಕೆ ಈವರೆಗೆ ಮಾತಾಡಿಸದ ಹೆಂಗಸೊಬ್ಬಳು ಬಂದು, ನೀವೇ ಅಲ್ವಾ ಆ ಫ್ರೆತ್ಕಾ ಅಜ್ಜಿ, ನಮ್ಮ ಭಾವ ಹೇಳಿದ್ದ ಎಂದು ಕೈ ಕುಲುಕಿದಳು. ಹಿಂದೆ ನಿಂತಿದ್ದ ಪಾದ್ರಿ ಕೆಮ್ಮಿನ ನೆಪದಲ್ಲಿ ಕರವಸ್ತ್ರ ಹುಡುಕಿದ. ಗೆನೊವೇಫಾ ಮನೆಗೆ ಬಂದು ಹುಳಿಸಾರು ಬಡಿಸಿಕೊಂಡು ಅದನ್ನು ತಣ್ಣಗಾಗಲು ಬಿಟ್ಟಳು. ಇನ್ನೆರಡು ವರ್ಷಕ್ಕೆ ಕಟ್ಟೆ ಬಿಟ್ಟು ಹೋಗುತ್ತೇನೆ. ಆದರೆ ಅವನ ಬಾಯಿ ಬಿಟ್ಟು ಹೋಗಲಾರೆ. ನಾನು ಸತ್ತ ಮೇಲೂ ಹನ್ನೊಂದು ಗಂಟೆಗೆ ದಿನವೂ ನಗೆಪಾಟಲಾಗುತ್ತಲೇ ಇರಬೇಕು. ಸೂಜಿಯಷ್ಟೇ ನೇರವಾಗಿ ಬದುಕಿದ ಐವತ್ತೆಂಟು ವರ್ಷದಿಂದ ಈ ಊರಿನಲ್ಲಿ ಉಳಿಯುವುದು ಅದೊಂದೇ. ಈ ಯೋಚನೆ ಬಂದ ಮೇಲೆ ಸಾರು ಬೆಕ್ಕಿನ ಪಾಲಾಯಿತು.

ಸೋಮವಾರ ಮ್ಯೂಸಿಯಂ ರಜ. ಮಂಗಳವಾರ ಆಕೆ ಫೊಂಫಾರಾನನ್ನು ಪಕ್ಕಕ್ಕೆ ಕರೆದು ಸಭ್ಯವಾಗಿ ಕೇಳಿದಳು. ತನ್ನ ಹೆಸರನ್ನು ಮಾತಿನಿಂದ ತೆಗೆಯಬೇಕು.

"ಪಾನಿ ಗೆನ್ಯಾ, ನಿಮಗೆ ಗೊತ್ತಿಲ್ಲ ನೀವೆಷ್ಟು ಉಪಯೋಗ ಅಂತ," ಎಂದ ಫೊಂಫಾರಾ. "ಫೆಬ್ರವರಿ ಚಳೀಲಿ ಪಿಂಚಣಿದಾರರ ಗುಂಪನ್ನ ಎಚ್ಚರವಾಗಿಡೋಕೆ ಮೇಲಿನವಳೊಬ್ಬಳಿಂದ ಆಗಲ್ಲ. ಮೊದಲು ನಿಮ್ಮನ್ನ ನೋಡಿ ನಗ್ತಾರೆ, ಆಮೇಲೆ ಅವಳನ್ನ ನೋಡಿ ಬೆರಗಾಗ್ತಾರೆ. ಅಡಿಗೆಗೆ ಉಪ್ಪು ಇದ್ದ ಹಾಗೆ ನೀವು."

ಮೇಲ್ವಿಚಾರಕಿ ಲೆಯೊಕಾದ್ಯಾಳ ಬಳಿ ದೂರು ಹೋಯಿತು. ಆಕೆ ಎರಡೂ ಭುಜ ಕಿವಿಯವರೆಗೆ ಎತ್ತಿ, ಇಳಿಸಿ, ದೂರನ್ನು ವಿಲೇವಾರಿ ಮಾಡಿದಳು.

ಆಮೇಲೆ ಯುದ್ಧ.

ಬುಧವಾರ ಹನ್ನೊಂದಕ್ಕೆ ದೊಡ್ಡ ಚರ್ಚಿನ ಗೋಪುರದಿಂದ ಗಂಟೆ ಸಾರುವ ಕಹಳೆ ಮೊಳಗಿ, ಎಂದಿನಂತೆ ಅರ್ಧ ಸ್ವರದಲ್ಲಿ ನಿಂತಾಗ, ಫೊಂಫಾರಾ ಮೂವತ್ತು ಜನರೊಂದಿಗೆ ಒಳಗೆ ಬಂದು ತನ್ನ ಒಂಟೆಬಣ್ಣದ ಕೋಟನ್ನು ಕಟ್ಟೆಯ ಮೇಲೆ ಎಸೆದ. ಗೆನೊವೇಫಾ ಕತ್ತಿನೊಳಗೆ ಬೆರಳು ಹಾಕಿದಳು. ಅಲ್ಲಿದ್ದ ಕುಣಿಕೆ ಒಂದು ಕಡೆ ಕಿತ್ತು ಹದಿನೈದು ವರ್ಷವಾಗಿತ್ತು. ಹದಿನೈದು ವರ್ಷವೂ ಆಕೆ ಸಹೋದ್ಯೋಗಿ ಎಂಬ ದಾಕ್ಷಿಣ್ಯಕ್ಕೆ ಅದನ್ನು ಗುಂಡಿತೂತಿನಿಂದ ತೂಗುಹಾಕಿದ್ದಳು. ಈಗ ಕೋಟನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಹೆಗ್ಗಣವನ್ನು ನೆರೆಯವರಿಗೆ ಹಿಂತಿರುಗಿಸುವ ಹಾಗೆ, ಅವನ ಮುಂದೆ ಇಟ್ಟಳು.

"ಕುಣಿಕೆ ಇಲ್ಲ."

"ಏನಂದ್ರಿ?"

"ಕುಣಿಕೆ ಇಲ್ಲದ ಕೋಟು ತಗೊಳ್ಳಲ್ಲ. ಕೋಟು ಹಾಕ್ಕೊಂಡು ಮೇಲೆ ಹೋಗೋಕೆ ಬಿಡಲ್ಲ. ಮುಂದಿನವರು ಬನ್ನಿ."

ಗುಂಪು ಮಾರ್ಗದರ್ಶಿಯಿಲ್ಲದೆ ಮೇಲೆ ಹೋಗಿ, ತಪ್ಪು ಕೋಣೆಯಲ್ಲಿ ಒಬ್ಬ ಗಡ್ಡದ ಡಚ್ಚನ ಚಿತ್ರವನ್ನು ಅರ್ಧ ಗಂಟೆ ನೋಡಿ ಮೆಚ್ಚಿ ಇಳಿಯಿತು. ಗುರುವಾರ ಫೊಂಫಾರಾ ದಾರ ಕಟ್ಟಿಕೊಂಡು ಬಂದ. ಕಟ್ಟಿದ್ದು ಕುಣಿಕೆಯಾಗುವುದಿಲ್ಲ, ಹೊಲಿದದ್ದು ಮಾತ್ರ ಕುಣಿಕೆ ಎಂದು ತೀರ್ಪಾಯಿತು. ಶುಕ್ರವಾರ ಕೆಂಪು ನೂಲಿನಲ್ಲಿ, ಒಂಟಿ ಗಂಡಸಿನ ಹೊಲಿಗೆಯಲ್ಲಿ, ಅವನೇ ಹೊಲಿದು ತಂದ. ಆಕೆ ಕಿರುಬೆರಳಿನಿಂದ ಎಳೆದಳು. ಹೊಲಿಗೆ ನಿಟ್ಟುಸಿರು ಬಿಟ್ಟು ಬಿಚ್ಚಿಕೊಂಡಿತು. ಗುಂಪು ನಕ್ಕಿತು. ಐದು ವರ್ಷದಲ್ಲಿ ಮೊದಲ ಬಾರಿಗೆ ಆ ನಗು ಕಟ್ಟೆಯ ಇನ್ನೊಂದು ಬದಿಗೆ ಬಿತ್ತು.

ಶನಿವಾರ ಫೊಂಫಾರಾ ವೀರಾವೇಶದಿಂದ ಕೋಟೇ ಇಲ್ಲದೆ ಬಂದ. ಹೊರಗೆ ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗೆ. ಬೆಳ್ಳಿ ಮೀಸೆ ನಿಜವಾಗಿಯೂ ಬೆಳ್ಳಿಯಾಗಿ ಗಟ್ಟಿಯಾಗಿತ್ತು, ಕಿವಿ ಬೀಟ್‌ರೂಟಿನ ಬಣ್ಣ. ಆದರೂ ಕೈ ಚಾಚಿ, ಹಲ್ಲು ಕಟಕಟಿಸುತ್ತ, ಎರಡು ಅಪರೂಪದ ಹೆಂಗಸರಿಂದ ಆರಂಭಿಸಿ ಫ್ರೆತ್ಕಾಗಳ ಹಾಸಿಗೆಯವರೆಗೆ ಒಂದಕ್ಷರ ಬಿಡದೆ ಹೇಳಿ ಮುಗಿಸಿದ. ಶತ್ರುವಾದರೂ ಶೂರನೆಂದು ಹಾಲ್ಷ್ಕಾ ಒಳಗೊಳಗೇ ಮೆಚ್ಚಿದಳು. ಹೀಗೆ ಹತ್ತು ದಿನ. ಹನ್ನೊಂದನೆಯ ದಿನ ಬಾಯಿ ತೆರೆದಾಗ ಹಳೆಯ ಬಾಗಿಲ ಕೀಲಿನ ಶಬ್ದ ಬಂತೇ ಹೊರತು ಮಾತು ಬರಲಿಲ್ಲ. ಗಂಟಲೇ ಅನ್ನ ಕೊಡುವವನಿಗೆ ಗಂಟಲು ಹೋದರೆ ಉಳಿದದ್ದು ಮೀಸೆ ಮಾತ್ರ.

ಸಂಧಾನಕ್ಕೆ ಅವನೇ ಬಂದ. ಎರಡು ವಾರ ಬಿಟ್ಟು, ಸ್ವರ ಅರ್ಧ ಮರಳಿದ ಮೇಲೆ, ನಿವೃತ್ತ ರೈಲ್ವೆ ನೌಕರರ ಗುಂಪಿನ ಮುಂದೆಯೇ ಸವಾಲು ಎಸೆದ. ಲೆಯೊಕಾದ್ಯಾ ಸಾಕ್ಷಿಗೆ ನಿಂತಳು, ಭುಜ ಅರ್ಧ ಎತ್ತಿಕೊಂಡೇ.

"ಮೇಲೆ ಬನ್ನಿ, ಪಾನಿ ಗೆನ್ಯಾ. ಅವಳನ್ನ ನೋಡಿ. ಇಪ್ಪತ್ತು ವರ್ಷದಲ್ಲಿ ನಾನು ಹೇಳದೇ ಇರೋದು ಒಂದೇ ಒಂದು ಹೇಳಿ. ಹೇಳಿದ್ರೆ, ಸಾಯೋವರೆಗೂ ನಿಮ್ಮ ಬಗ್ಗೆ ಒಂದು ಶಬ್ದ ಎತ್ತಲ್ಲ, ನನ್ನ ತಾಯಾಣೆ. ಹೇಳೋಕಾಗ್ಲಿಲ್ಲ ಅಂದ್ರೆ ನನ್ನ ಕೋಟು ಕುಣಿಕೆ ಇಲ್ದೇನೇ ನೇತಾಡುತ್ತೆ, ನೀವು ನನ್ನ ಭಾಷಣದಲ್ಲೇ ಇರ್ತೀರಿ."

ಇಪ್ಪತ್ತಮೂರು ವರ್ಷದ ವ್ರತ ಒಂದು ತಕ್ಕಡಿಯಲ್ಲಿ, ಚರ್ಚಿನ ಹೊರಗೆ ಕೈ ಕುಲುಕಿದ ಹೆಂಗಸು ಇನ್ನೊಂದರಲ್ಲಿ. ಕೊನೆಗೆ ಗೆನೊವೇಫಾ ನೀಲಿ ಮೇಲಂಗಿಯ ಗುಂಡಿ ಸರಿಮಾಡಿಕೊಂಡು, ಬೀಗದ ಕೈ ಹಾಲ್ಷ್ಕಾಳಿಗೆ ಒಪ್ಪಿಸಿ, ಉಣ್ಣೆ ಚಪ್ಪಲಿ ಮೆಟ್ಟಿಕೊಂಡಳು. ಮೂವತ್ತೊಂದು ಮೆಟ್ಟಿಲು. ಹಿಂದೆ ನಲವತ್ತು ಮಂದಿ ರೈಲ್ವೆಯವರು, ದಿಬ್ಬಣದ ಹಾಗೆ.

ಕೋಣೆಯಲ್ಲಿ ಬೆಳಕು ಕಡಿಮೆ. ಚಿತ್ರ ನೋಡಿದೊಡನೆ ಆಕೆಗೆ ಆದದ್ದು ಸಿಟ್ಟು. ಇಷ್ಟೇನಾ? ಅಡಿಗೆಮನೆಯ ಕಿಟಕಿಯಷ್ಟೂ ಇಲ್ಲ. ಕಪ್ಪು ಹಿನ್ನೆಲೆ, ಹದಿನಾರು ಹದಿನೇಳರ ಹುಡುಗಿ, ಕೂದಲನ್ನು ಗಲ್ಲದ ಕೆಳಗಿನವರೆಗೆ ನುಣ್ಣಗೆ ಎಳೆದು ಕಟ್ಟಿದ್ದಾರೆ, ಕೊರಳಲ್ಲಿ ಕರಿಮಣಿ, ತೋಳಲ್ಲಿ ಆ ಪ್ರಾಣಿ. ದೇಹ ಒಂದು ಕಡೆ, ಮುಖ ಇನ್ನೊಂದು ಕಡೆ. ನೋಡುತ್ತಿರುವುದು ಬಲಗಡೆಯ ಬಾಗಿಲಿನತ್ತ.

ಪ್ರಾಣಿ ಗ್ರೊನೊಸ್ತಾಯ್ ಅಲ್ಲ ಎಂದು ಆಕೆ ಆರಂಭಿಸಿದಳು. ಅದು ನಿಮ್ಮದೇ ಹಳೇ ಸರಕು, ನಾನು ಐದು ವರ್ಷದಿಂದ ಹೇಳುತ್ತಿದ್ದೇನೆ ಎಂದು ಫೊಂಫಾರಾ ಹೆಬ್ಬೆರಳು ಮಡಿಚಿದ. ಕೈ ವಯಸ್ಸಿಗೆ ಮೀರಿ ದೊಡ್ಡದು, ಗಂಡಸಿನ ಎಲುಬು ಎಂದಳು. ದಿನವೂ ಹೇಳುತ್ತೇನೆ ಎಂದು ತೋರುಬೆರಳು ಮಡಿಚಿದ. ಎಡಮೂಲೆಯಲ್ಲಿ ಯಾರೋ ಚಿತ್ರಕಾರನ ಹೆಸರು ಬರೆದಿದ್ದಾರಲ್ಲ, ಅದರಲ್ಲಿ ಇಟಲಿಯವರಿಗೆ ಇಲ್ಲದ ನಮ್ಮ ಡಬ್ಲ್ಯೂ ಅಕ್ಷರ ಸೇರಿಕೊಂಡಿದೆ, ಬರೆದವನು ನಮ್ಮವನೇ ಎಂದಳು. ಆ ಜೋಕಿಗೆ ಫೊಂಫಾರಾನಿಗೆ ಪ್ರತಿ ಸಲ ಚಪ್ಪಾಳೆ ಬೀಳುತ್ತಿತ್ತು, ಮೂರನೆಯ ಬೆರಳು. ಅವನ ಮುಖದಲ್ಲಿ ಕರುಣೆ ಮೂಡಿತು.

ಆಗ ಆಕೆ ಚಿತ್ರ ನೋಡುವುದನ್ನು ಬಿಟ್ಟಳು. ಅದು ಆಕೆಯ ಕೆಲಸವಲ್ಲ. ದಿನಕ್ಕೆ ಐನೂರು ಸಲ ಕಟ್ಟೆಯ ಮುಂದೆ ನಿಂತವರನ್ನು ನೋಡುವ ಹಾಗೆ ನೋಡಿದಳು: ಮೊದಲು ಕತ್ತು, ಆಮೇಲೆ ಹೆಗಲು, ಆಮೇಲೆ ತೋಳು.

"ಇವಳ ಕೋಟು ಯಾಕೆ ಮೈಮೇಲಿದೆ?"

ಫೊಂಫಾರಾನ ನಾಲ್ಕನೆಯ ಬೆರಳು ಮಡಿಚಲು ಹೊರಟದ್ದು ಅಲ್ಲೇ ನಿಂತಿತು.

"ಯಾವ ಕೋಟು?"

"ಈ ನೀಲಿದು. ಒಂದೇ ಹೆಗಲ ಮೇಲಿದೆ ನೋಡಿ. ಈ ಕಡೆ ಹೆಗಲು ಬರೀ ಅಂಗಿ."

"ಅದು ಕೋಟಲ್ಲಮ್ಮ, ಸ್ಪೇನಿನ ಮಾದರಿ ಮೇಲುಹೊದಿಕೆ. ಆ ಕಾಲದ ಫ್ಯಾಶನ್ನು. ಒಂದೇ ಹೆಗಲಿಗೆ ಹಾಕ್ಕೊಳ್ಳೋರು."

"ಫ್ಯಾಶನ್ನು ಬಟ್ಟೆಗೆ, ಪಾನ್ ಫೊಂಫಾರಾ. ಮುಖಕ್ಕಲ್ಲ. ಈ ಮುಖ ನಾನು ದಿನಾ ನೋಡ್ತೀನಿ. ಒಂದು ತೋಳು ಒಳಗೆ ಹೋಗಿದೆ, ಇನ್ನೊಂದು ಹೊರಗಿದೆ, ಅಷ್ಟರಲ್ಲಿ ಹಿಂದಿಂದ ಯಾರೋ ಕೂಗಿದ್ರು. ಆಗ ಮನುಷ್ಯರು ಹಿಂಗೇ ತಿರುಗೋದು. ಮೈ ಹೊರಟಿರುತ್ತೆ, ಮುಖ ನಿಂತಿರುತ್ತೆ." ಆಕೆ ಒಂದು ಹೆಜ್ಜೆ ಮುಂದೆ ಹೋದಳು. "ಇಪ್ಪತ್ತು ವರ್ಷ ಇವಳನ್ನ ತೋರಿಸಿದ್ರಿ. ಹಾಕ್ಕೊತಿದ್ದಾಳಾ, ಕಳಚ್ತಿದ್ದಾಳಾ, ಒಂದ್ಸಲ ಕೇಳಿದ್ರಾ? ಬಂದಳಾ, ಹೊರಟಳಾ?"

ಕೋಣೆಯಲ್ಲಿ ಉಣ್ಣೆ ಚಪ್ಪಲಿಗಳು ಅತ್ತಿತ್ತ ಸರಿದ ಸದ್ದು.

"ಅದಕ್ಕೇ ಜನ ಹೊರಡಲ್ಲ ಇಲ್ಲಿಂದ," ಎಂದಳು ಗೆನೊವೇಫಾ, ಸೈತಾನನ ಗುಟ್ಟು ಬಯಲಿಗೆಳೆದ ತೃಪ್ತಿಯಲ್ಲಿ. "ಸೌಂದರ್ಯ ಅಂತೆ, ಮಣ್ಣು. ಎದುರಿಗಿರೋರು ಅರ್ಧ ಕೋಟು ಹಾಕ್ಕೊಂಡು ನಿಂತ್ರೆ ಯಾರಿಂದಾನೂ ಕಣ್ಣು ತೆಗೆಯೋಕಾಗಲ್ಲ. ಇನ್ನೊಂದು ತೋಳು ಹೋಗಲಿ ಅಂತ ಕಾಯ್ತೀವಿ. ಇವಳು ಐನೂರು ವರ್ಷದಿಂದ ಹಾಕ್ಕೊಳ್ತಾನೂ ಇಲ್ಲ, ತೆಗೀತಾನೂ ಇಲ್ಲ. ಕೊಬ್ಬು."

ಮೊದಲು ಬಾಯಿಬಿಟ್ಟವನು ಸಿಗ್ನಲ್ ವಿಭಾಗದಲ್ಲಿದ್ದ ಬೋಳುತಲೆಯ ಮುದುಕ. ಹೊರಟಿದ್ದಾಳೆ, ಸಂಶಯವೇ ಇಲ್ಲ, ಪ್ಲಾಟ್‌ಫಾರ್ಮಿನಲ್ಲಿ ಇಂಥ ಮುಖ ಮೂವತ್ತು ವರ್ಷ ನೋಡಿದ್ದೇನೆ ಎಂದ. ಟಿಕೆಟ್ ಕೊಡುತ್ತಿದ್ದ ಹೆಂಗಸು ಅದನ್ನು ಒಪ್ಪಲಿಲ್ಲ. ಹೊರಡುವವಳು ಪ್ರಾಣಿಯನ್ನು ಹಾಗೆ ತಬ್ಬಿಕೊಳ್ಳುವುದಿಲ್ಲ, ಇದೀಗ ಬಂದಳು, ಮೈ ಇನ್ನೂ ಬೆಚ್ಚಗಾಗಿಲ್ಲ. ಕ್ಷಣದಲ್ಲಿ ರೈಲ್ವೆ ಇಲಾಖೆ ಎರಡು ಪಕ್ಷವಾಯಿತು. ಬಂದಳು ಪಕ್ಷದವರು ಪ್ರಾಣಿಯ ಕಿವಿ ತೋರಿಸಿದರು, ಹೊರಟಳು ಪಕ್ಷದವರು ಕತ್ತಿನ ನರ ತೋರಿಸಿದರು. ಗಂಡ ಹೆಂಡತಿ ಬೇರೆ ಬೇರೆ ಪಕ್ಷ ಸೇರಿ ನಲವತ್ತು ವರ್ಷದ ಹಳೆಯ ಲೆಕ್ಕವನ್ನೂ ಮಧ್ಯೆ ತಂದರು. ಫ್ಯಾಶನ್ನು ಎಂಬ ಶಬ್ದವನ್ನು ಫೊಂಫಾರಾ ಇನ್ನೊಮ್ಮೆ ಎತ್ತಿದಾಗ, ಅದನ್ನು ಮನೆಗೆ ತೆಗೆದುಕೊಂಡು ಹೋಗಿ ಎಂದು ಸಿಗ್ನಲ್ ಮುದುಕ ಸಲಹೆ ಕೊಟ್ಟ. ಮುಕ್ಕಾಲು ಗಂಟೆಯಾದರೂ ಯಾರೂ ಇಳಿಯುವ ಲಕ್ಷಣವಿಲ್ಲ. ಲೆಯೊಕಾದ್ಯಾ ಭುಜಗಳನ್ನು ಕೊನೆಗೂ ಕೆಳಗಿಳಿಸಿ, ಪಂದ್ಯ ಪಾನಿ ಮಜ್ಗಾಯ್ ಅವರದು ಎಂದಳು.

ಫೊಂಫಾರಾ ತಾಯಾಣೆ ಇಟ್ಟವನು, ಮಾತು ತಪ್ಪಲಿಲ್ಲ. ಮರುದಿನದಿಂದ ಕಟ್ಟೆಯ ಮುಂದೆ ಮೌನ. ಒಬ್ಬ ದರ್ಜಿಯಿಂದ ಕುಣಿಕೆ ಹೊಲಿಸಿ ತಂದಿದ್ದ. ಗೆನೊವೇಫಾ ಎಳೆದು ನೋಡಿ, ತೂಗುಹಾಕಿ, ಬಿಲ್ಲೆ ಕೊಟ್ಟಳು. ಎಂಟು ದಿನ ಆಕೆ ಭೂಮಿಯ ಮೇಲೆ ಸ್ವರ್ಗ ಕಂಡಳು. ಭಾನುವಾರ ಚರ್ಚಿನಲ್ಲಿ ಮೊದಲ ಸಾಲಿನಲ್ಲಿ ಕೂತಳು.

ಒಂಬತ್ತನೆಯ ದಿನ ಪೊಜ್ನಾನ್ ಕಡೆಯ ಶಿಕ್ಷಕಿಯೊಬ್ಬಳು ಬಿಲ್ಲೆ ಕೊಟ್ಟು ಕೋಟು ತೆಗೆದುಕೊಳ್ಳುತ್ತ, ಒಂದು ತೋಳು ಹಾಕಿ, ಅಲ್ಲೇ ನಿಂತು ಗೆಳತಿಯತ್ತ ತಿರುಗಿ ನಕ್ಕಳು. ನೋಡು, ನಾನೀಗ ಅವಳೇ. ಎಂಥ ಮಾತು ಹೇಳಿದರು ನಮ್ಮ ಮಾರ್ಗದರ್ಶಿ, ಇಪ್ಪತ್ತು ವರ್ಷ ದಿನವೂ ನೋಡಿ ನೋಡಿ ಅವರಿಗೆ ಹೊಳೆದದ್ದಂತೆ. ಗೆಳತಿ, ಇಂಥ ಸೂಕ್ಷ್ಮ ಓದಿದವರಿಗಷ್ಟೇ ಸಾಧ್ಯ ಎಂದಳು.

ಗೆನೊವೇಫಾಳ ಕೈಯಲ್ಲಿದ್ದ ಗೆಳತಿಯ ಕೋಟು ಕಟ್ಟೆಯ ಮೇಲೆ ಬಿತ್ತು. ಮಧ್ಯಾಹ್ನ ಫೊಂಫಾರಾನನ್ನು ಬಾಗಿಲಲ್ಲಿ ತಡೆದು ಕೇಳಿದಳು. ಅವನು ರೇಷ್ಮೆ ಬಟ್ಟೆ ಸರಿಮಾಡಿಕೊಂಡ.

"ನಿಮ್ಮ ಬಗ್ಗೆ ಒಂದು ಶಬ್ದ ಎತ್ತಲ್ಲ ಅಂತ ಆಣೆ ಮಾಡಿದ್ದೀನಿ. ನಿಮ್ಮದು ಅಂತ ಹೇಳಿದ್ರೆ ಆಣೆ ಮುರಿಯುತ್ತಲ್ಲ, ಪಾನಿ ಗೆನ್ಯಾ. ಬೇಕಾದ್ರೆ ಹೇಳ್ತೀನಿ. ಎರಡು ಅಪರೂಪದ ಹೆಂಗಸರು ಅಂತ ಮತ್ತೆ ಶುರು ಮಾಡ್ತೀನಿ. ಹೂಂ ಅನ್ನಿ."

ಎಂಥ ಬೋನು. ಆ ಮಾತು ತನ್ನದಾಗಬೇಕೆಂದರೆ ಫ್ರೆತ್ಕಾ ಅಜ್ಜಿಯಾಗಬೇಕು. ಅಜ್ಜಿಯಾಗಲಾರೆ ಎಂದರೆ ಮಾತು ಅವನ ಪಾಲು. ಆಕೆ ಮನೆಗೆ ಹೋಗಿ ಎರಡು ದಿನ ಬೆಕ್ಕಿನೊಡನೆಯೂ ಮಾತಾಡಲಿಲ್ಲ. ಮೂರನೆಯ ದಿನ ಕೆಲಸಕ್ಕೆ ಬಂದವಳು, ತನ್ನ ಕಾಲು ಗಂಟೆಯ ಚಹದ ಬಿಡುವನ್ನು ಹತ್ತರಿಂದ ಹನ್ನೊಂದೂ ಕಾಲಿಗೆ ಬದಲಿಸಿಕೊಡಬೇಕೆಂದು ಲೆಯೊಕಾದ್ಯಾಳಿಗೆ ಬರೆದುಕೊಟ್ಟಳು. ನಿಯಮದಲ್ಲಿ ಅಡ್ಡಿ ಇರಲಿಲ್ಲ.

ಹನ್ನೊಂದೂ ಕಾಲಿಗೆ ಫೊಂಫಾರಾ ಚಿತ್ರದ ಎದುರು ಗುಂಪನ್ನು ಅರ್ಧಚಂದ್ರಾಕಾರ ನಿಲ್ಲಿಸಿಕೊಂಡು, ದನಿ ತಗ್ಗಿಸಿ, ಒಂದು ತೋಳು ಒಳಗೆ, ಒಂದು ತೋಳು ಹೊರಗೆ ಎಂಬಲ್ಲಿಗೆ ಬಂದಿದ್ದ. "ಯಾರೋ ಕೂಗಿದ್ರು. ಅವಳು ತಿರುಗಿದಳು. ಯಾರನ್ನ ನೋಡ್ತಿದ್ದಾಳೆ ಅವಳು?" ಎಂದು ಕೇಳಿ ನಿಲ್ಲಿಸಿದ. ಆ ನಿಲುಗಡೆ ಅವನ ಹೆಮ್ಮೆ. ಗುಂಪು ಚಿತ್ರದವಳ ಕಣ್ಣಿನ ಜಾಡು ಹಿಡಿದು, ಎಲ್ಲರೂ ಒಟ್ಟಿಗೆ, ಬಲಗಡೆಗೆ ಕತ್ತು ಹೊರಳಿಸಿತು.

ಬಲಗಡೆಯ ಬಾಗಿಲಲ್ಲಿ ಗೆನೊವೇಫಾ ಮಜ್ಗಾಯ್ ನಿಂತಿದ್ದಳು. ನೀಲಿ ಮೇಲಂಗಿ, ಎದೆಯ ಮೇಲೆ ಕಟ್ಟಿದ ಕೈ, ಬಿಗಿದ ತುಟಿ. ಚಿತ್ರದವಳ ನೋಟ ಬಂದು ತಾಗುವ ಗೆರೆಯ ಮೇಲೆ, ಒಂದು ಅಂಗುಲ ಆಚೀಚೆ ಇಲ್ಲದೆ.

ಯಾರೋ ಕಿಸಕ್ಕೆಂದರು. ಇವರು ಯಾರು ಎಂದು ಒಬ್ಬಳು ಕೇಳಿದಳು. ಫೊಂಫಾರಾ ಬಾಯಿ ತೆರೆದ. ತೆರೆದ ಬಾಯಿಯ ಮುಂದೆ ತಾಯಿಯ ಆಣೆ ಅಡ್ಡ ನಿಂತಿತು. ಮುಚ್ಚಿದ. ಮೀಸೆ ಮಾತ್ರ ಅಲ್ಲಾಡಿತು.

ಮರುದಿನವೂ ಹಾಗೇ. ಅದರ ಮರುದಿನವೂ. ಆಕೆ ಒಂದಕ್ಷರ ಆಡುತ್ತಿರಲಿಲ್ಲ, ಅವನ ಕಡೆ ನೋಡುತ್ತಲೂ ಇರಲಿಲ್ಲ. ಬಿಡುವಿನಲ್ಲಿ ನಿಂತ ಉದ್ಯೋಗಿಯನ್ನು ಓಡಿಸುವ ಕಾಯಿದೆ ಇರಲಿಲ್ಲ. ಗುಂಪುಗಳು ಅವಳನ್ನು ಕಂಡು ನಗುತ್ತಿದ್ದವು, ಆದರೆ ನಗು ಮುಗಿದ ಮೇಲೆ ಮತ್ತೆ ಚಿತ್ರ ನೋಡಿ, ಮತ್ತೆ ಬಾಗಿಲು ನೋಡಿ, ಕೊನೆಗೆ ಉತ್ತರಕ್ಕಾಗಿ ಫೊಂಫಾರಾನ ಮುಖವನ್ನೇ ನೋಡುತ್ತಿದ್ದವು. ಮೂರನೆಯ ವಾರ ಅವನು ನಿಲುಗಡೆ ಬಿಟ್ಟ. ನಾಲ್ಕನೆಯ ವಾರ ಕೂಗಿದವರನ್ನು ಬಿಟ್ಟ. ಈಸ್ಟರಿನ ಹೊತ್ತಿಗೆ ಕೋಟಿನ ಸುದ್ದಿಯನ್ನೇ ಎತ್ತದೆ, ಕೈ ದೊಡ್ಡದು, ಪ್ರಾಣಿ ಕುಲೀನ, ಮೂಲೆಯಲ್ಲಿ ನಮ್ಮ ಅಕ್ಷರ ಎಂದು ಮೂರು ಮಾತು ಮುಗಿಸಿ, ಬಾಗಿಲತ್ತ ಕಣ್ಣು ಹಾಯಿಸದೆ, ಗುಂಪನ್ನು ಗಡ್ಡದ ಡಚ್ಚನ ಕೋಣೆಗೆ ಅಟ್ಟಿಕೊಂಡು ಹೋಗತೊಡಗಿದ.

ಗೆನೊವೇಫಾ ಮಾತ್ರ ಹನ್ನೊಂದೂ ಕಾಲಿಗೆ ಹತ್ತುವ ಅಭ್ಯಾಸ ಬಿಡಲಿಲ್ಲ. ಶತ್ರುವಿನ ಮೇಲೆ ಕಣ್ಣಿಡಲು ಎಂದು ಹಾಲ್ಷ್ಕಾಳಿಗೆ ಹೇಳುತ್ತಿದ್ದಳು. ಯಾವ ಶತ್ರು ಎಂದು ಬಿಡಿಸಿ ಹೇಳುತ್ತಿರಲಿಲ್ಲ. ಒಂದು ದಿನ ಗುಂಪು ದಾಟಿ ಹೋದ ಮೇಲೂ ಒಬ್ಬ ಹೆಂಗಸು ಹಿಂದೆ ಉಳಿದು, ಚಿತ್ರದವಳ ಹೆಗಲನ್ನು ಬಹಳ ಹೊತ್ತು ದಿಟ್ಟಿಸಿ, ಬಾಗಿಲಲ್ಲಿ ನಿಂತವಳನ್ನು ಮೆಲ್ಲಗೆ ಕೇಳಿದಳು, ಇವಳು ಈಗ ಬಂದಿದ್ದಾ, ಹೊರಟಿದ್ದಾ.

"ನನಗೇನು ಗೊತ್ತು," ಎಂದಳು ಗೆನೊವೇಫಾ, ಚಿತ್ರದಿಂದ ಕಣ್ಣು ಕೀಳದೆ. "ಕೆಳಗೆ ನನ್ನ ಹತ್ರ ಕೋಟು ಕೊಟ್ಟು ಬಂದಿದ್ರೆ ಹೇಳಬಹುದಿತ್ತು."